ಸೇತುವೆಯನ್ನು ನಂಬಿದ ನಕ್ಷೆ

ಫೆಬ್ರವರಿ 4

ಉಪಗ್ರಹ ಚಿತ್ರ ಹೋಲಿಕೆ ವಿಭಾಗದ ಸಹಿದಾರರಿಗೆ,

ಮಾನ್ಯರೇ,

ತಮ್ಮ ವರದಿಯ ನಕಲನ್ನು ನಮ್ಮ ಸಾಲಿನ ಹದಿನಾಲ್ಕು ಮನೆಗಳ ಬಾಗಿಲಿಗೂ ಅಂಟಿಸಿದ್ದಾರೆ. ಗೋಂದು ಚೆನ್ನಾಗಿದೆ. ವರದಿಯಲ್ಲಿ ಗಟ್ಟಿಯಾಗಿರುವುದು ಅದೊಂದೇ.

ನಲವತ್ತೈದು ವರ್ಷದ ಹಿಂದಿನ ಚಿತ್ರವನ್ನೂ ಈ ವರ್ಷದ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಿದಿರಂತೆ. ಹೊಳೆಯ ಹಳೆಯ ದಡದಿಂದ ಹದಿನೈದು ಮೀಟರಿನೊಳಗೆ ಕಟ್ಟಡ ಇರಕೂಡದಂತೆ. ನಮ್ಮ ಮನೆಗಳ ಹಿಂಗೋಡೆ ಆರೇ ಮೀಟರಿನಲ್ಲಿದೆಯಂತೆ. ಮೇ ಕೊನೆಯೊಳಗೆ ಖಾಲಿ ಮಾಡಬೇಕಂತೆ.

ನನ್ನ ನೆನಪು ಸ್ವಲ್ಪ ಉದ್ದ. ಈ ಮನೆಗಳನ್ನು ಕಟ್ಟಿಕೊಟ್ಟದ್ದು ಸರ್ಕಾರವೇ, ನೆರೆಯಲ್ಲಿ ಗುಡಿಸಲು ಕಳೆದುಕೊಂಡ ಹದಿನಾಲ್ಕು ಕುಟುಂಬಗಳಿಗೆ. ದಡದಿಂದ ಹದಿನೇಳು ಮೀಟರ್ ಬಿಟ್ಟು ಪಾಯ ತೆಗೆದದ್ದನ್ನು ನಾನು ನಿಂತು ನೋಡಿದ್ದೇನೆ. ಆಗ ನನಗೆ ಹದಿನಾಲ್ಕು ವರ್ಷ. ಸೊಂಟದ ಮೇಲೆ ಮೂರು ವರ್ಷದ ತಮ್ಮ ಕೂತಿದ್ದ. ಹದಿನೇಳು ಹೇಗೆ ಆರಾಯಿತು? ಮನೆಗಳು ರಾತ್ರಿ ಎದ್ದು ಹೊಳೆಯ ಕಡೆ ನಡೆದುಕೊಂಡು ಹೋದವೇ? ಎದುರು ದಡದಲ್ಲಿ ನೀರಿಗೆ ಕಾಲು ಚಾಚಿ ಕೂತಿರುವ ಗೋದಾಮಿಗೆ ನೋಟೀಸಿಲ್ಲ. ಅದು ಹಿಂದೆ ಹಿಂದೆ ಸರಿದಿದೆಯೋ?

ಗಿರಣಿ ಮುಚ್ಚಿದಾಗಲೂ ‘ತಾತ್ಕಾಲಿಕ’ ಎಂದು ಹೀಗೇ ಒಂದು ಕಾಗದ ಅಂಟಿಸಿದ್ದರು. ಮೂವತ್ತೆರಡು ವರ್ಷವಾಯಿತು. ಆ ಕಾಗದವೂ ನನ್ನ ಹತ್ತಿರ ಇದೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ಮೂಲವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಒಂದು ಸಾಲನ್ನೂ ಸರಿಯೆಂದು ಒಪ್ಪಿದವಳಲ್ಲ. ತಾವು ಸ್ಥಳಕ್ಕೆ ಬಂದು ನೋಡಿದ್ದಿರಾ?

ಇತಿ,
ಏಳನೆಯ ಮನೆಯ ನಿವಾಸಿ

ಸಹಿಯ ಬಾಲವನ್ನು ಮೇಲಕ್ಕೆ ಎಳೆಯುವ ಅಭ್ಯಾಸ ಇನ್ನೂ ಹೋಗಿಲ್ಲವೆಂದು ಕಾಣುತ್ತದೆ. ಅದನ್ನು ಕಲಿಸಿದವಳು ನಾನೇ.


ಫೆಬ್ರವರಿ 19

ಏಳನೆಯ ಮನೆಯ ನಿವಾಸಿಯವರಿಗೆ,

ತಮ್ಮ ಪತ್ರ ತಲುಪಿದೆ.

ಉಪಗ್ರಹ ಪ್ರತಿ ಸಲವೂ ನೆಟ್ಟಗೆ ನೋಡುವುದಿಲ್ಲ. ಒಮ್ಮೆ ಓರೆಯಾಗಿ ನೋಡುತ್ತದೆ, ಒಮ್ಮೆ ತುಸು ತಿರುಗಿಕೊಂಡು. ಹಳೆಯ ಚಿತ್ರವಂತೂ ಫಿಲ್ಮಿನದು, ಅಂಚು ಸೊಟ್ಟಗಾಗಿದೆ. ಹಾಗೆಯೇ ಒಂದರ ಮೇಲೊಂದು ಇಟ್ಟರೆ ಎಲ್ಲವೂ ಬದಲಾದಂತೆ ಕಾಣುತ್ತದೆ. ಆದ್ದರಿಂದ ಎರಡನ್ನೂ ಭೂಮಿಯ ಅಳತೆಗೆರೆಗಳ ಒಂದೇ ಚೌಕಳಿಗೆ ಕೂರಿಸಬೇಕು. ಎರಡರಲ್ಲೂ ಇರುವ, ಅಲುಗದ ವಸ್ತುಗಳನ್ನು ಹುಡುಕುತ್ತೇವೆ: ಹಳೆಯ ಕಟ್ಟಡದ ಮೂಲೆ, ರಸ್ತೆ ಕೂಡುವ ಜಾಗ, ಸೇತುವೆಯ ತುದಿ. ಅವು ನಮಗೆ ನೆಲೆಬಿಂದುಗಳು. ಹಳೆಯ ಚಿತ್ರವನ್ನು ರಬ್ಬರಿನ ಹಾಳೆಯಂತೆ ಎಳೆದು ಅದರ ನೆಲೆಬಿಂದುಗಳು ಹೊಸದರ ನೆಲೆಬಿಂದುಗಳ ಮೇಲೆಯೇ ಬೀಳುವಂತೆ ಮಾಡುತ್ತೇವೆ. ಆಮೇಲೆ ತೆರೆಯ ಮೇಲೆ ಮಿಟುಕಿಸಿ ನೋಡುತ್ತೇವೆ. ಹಳೆಯದು, ಹೊಸದು, ಹಳೆಯದು, ಹೊಸದು. ನಿಂತಲ್ಲೇ ನಿಂತದ್ದು ಇದ್ದ ಹಾಗೇ ಇದೆ ಎಂದು ಅರ್ಥ, ಕುಣಿದದ್ದು ಬದಲಾಗಿದೆ.

ಸ್ಥಳಕ್ಕೆ ಬಂದಿರಾ ಎಂದು ಕೇಳಿದ್ದೀರಿ. ಒಂದು ನೆಲೆಬಿಂದುವನ್ನಾದರೂ ನಡೆದು ಹೋಗಿ ನೋಡಬೇಕೆಂಬ ನಿಯಮ ನಮ್ಮಲ್ಲಿದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ನಿಮ್ಮ ಸಾಲಿಗೆ ಹತ್ತಿರದ ನೆಲೆಬಿಂದು ಸೇತುವೆ. ಅದನ್ನು ಹತ್ತು ವರ್ಷ ದಿನಕ್ಕೆರಡು ಸಲ ದಾಟಿದವನು ನಾನು. ಕಣ್ಣು ಮುಚ್ಚಿ ತೋರಿಸಬಲ್ಲೆ.

ಏಳನೆಯ ಮನೆ ಅದರಲ್ಲಿದೆ ಎಂದು ಗೊತ್ತಿದ್ದೇ ಸಹಿ ಮಾಡಿದೆ. ಚೌಕಳಿಗೆ ನೆಂಟರಿಷ್ಟರಿಲ್ಲ.

ಇತಿ,
ಸಹಿದಾರ


ಫೆಬ್ರವರಿ 26

ಸಹಿದಾರರಿಗೆ,

ನಿಮ್ಮ ಕಾಗದವನ್ನು ಹೊಲಿಗೆಯಮ್ಮನ ಮನೆ ಮುಂದೆ ಹದಿನಾಲ್ಕು ಮನೆಯವರಿಗೂ ಓದಿ ಹೇಳಿದೆ. ಕೊನೆಯ ಎರಡು ಸಾಲು ಬಿಟ್ಟು.

ಬಡಗಿ ಕೇಳಿದ, “ಅಕ್ಕಾ, ರಬ್ಬರಿನ ಹಾಳೆ ಅಂದ್ರಲ್ಲ, ಅದನ್ನ ಯಾರ ಕಡೆಗೆ ಬೇಕಾದ್ರೂ ಎಳೀಬಹುದು ತಾನೆ?”

“ಹಾಗೆಲ್ಲ ಎಳೆಯೋಕಾಗಲ್ಲ. ಅದಕ್ಕೊಂದು ಲೆಕ್ಕ ಇರುತ್ತೆ” ಎಂದೆ. ನಿಮ್ಮ ಪರ ಮಾತಾಡಿದ್ದು ಆಮೇಲೆ ಹೊಳೆದು ನನ್ನ ಮೇಲೇ ಸಿಟ್ಟು ಬಂತು.

ಊರ ಸುದ್ದಿಯನ್ನೆಲ್ಲ ಹೊತ್ತುಕೊಂಡು ತಿರುಗುವ ಮೂರನೆಯ ಮನೆಯ ಮುದುಕನನ್ನು ನಾವೆಲ್ಲ ರೇಡಿಯೋ ಎಂದೇ ಕರೆಯುವುದು. ಆತ ಎದ್ದು ನಿಂತು, “ಮೇಲಿಂದ ನೋಡೋರಿಗೆ ನಮ್ಮ ತಲೆ ಮಾತ್ರ ಕಾಣುತ್ತೆ ಕಣ್ರಯ್ಯಾ, ಮುಖ ಎಲ್ಲಿ ಕಾಣಬೇಕು?” ಎಂದ. ಹೊಲಿಗೆಯಮ್ಮ, “ನಿನ್ನ ತಲೇಲಿ ಕಾಣೋಕೆ ಏನಿದೆ, ಹುಲ್ಲೂ ಇಲ್ಲ” ಎಂದಳು. ಎಲ್ಲರೂ ನಕ್ಕರು. ಒಂದು ಗಳಿಗೆಯ ಮೇಲೆ ಅವಳೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎರಡು ಹೊಲಿಗೆ ಯಂತ್ರ, ಒಂದು ಮಂಚ, ಹಾಸಿಗೆ ಹಿಡಿದ ಗಂಡ. ಮೇ ಕೊನೆಗೆ ಅವಳು ಎಲ್ಲಿಗೆ ಹೋಗಬೇಕು?

ಸೇತುವೆ ಎಂದು ಬರೆದಿದ್ದೀರಿ. ಅದನ್ನು ಓದಿ ಕಾಗದ ಮಡಚಿಟ್ಟೆ. ಅದಕ್ಕೆ ಉತ್ತರ ಇವತ್ತು ಬರೆಯಲಾರೆ.

ಇತಿ,
ಏಳನೆಯ ಮನೆ


ಏಪ್ರಿಲ್ 2

ಅಕ್ಕ,

ಐದು ವಾರವಾಯಿತು. ಸೇತುವೆಗೆ ಉತ್ತರ ಬರಲಿಲ್ಲ. ನೀನು ಉತ್ತರವಿಲ್ಲದೆ ಸುಮ್ಮನಿರುವವಳಲ್ಲ, ಆದ್ದರಿಂದ ಭಯವಾಗುತ್ತಿದೆ.

ಇಲ್ಲಿ ನಮ್ಮ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದಾರೆ. ಬೆಳಕು ಬಿದ್ದರೆ ತೆರೆ ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಒಳಗೆ ಹೋದರೆ ಸಂಜೆ ಹೊರಬರುವ ತನಕ ಬಿಸಿಲೋ ಮಳೆಯೋ ಗೊತ್ತಾಗುವುದಿಲ್ಲ. ಇಡೀ ದಿನ ಊರೂರುಗಳನ್ನು ಮೇಲಿನಿಂದ ನೋಡುತ್ತೇನೆ, ಒಂದು ಊರಿನಲ್ಲೂ ಒಬ್ಬ ಮನುಷ್ಯನ ಮುಖ ಇರುವುದಿಲ್ಲ. ನಿಮ್ಮ ರೇಡಿಯೋ ಹೇಳಿದ್ದು ನಿಜ. ಸಂಜೆ ಬಾಡಿಗೆ ಕೋಣೆಗೆ ಬಂದು ಒಂದು ತಟ್ಟೆ, ಒಂದು ಲೋಟ ತೊಳೆದಿಡುತ್ತೇನೆ. ಎರಡನೆಯ ಲೋಟ ಕೊಂಡಿದ್ದೆ. ಅದರ ಬೆಲೆಯ ಚೀಟಿಯನ್ನು ಇನ್ನೂ ಕಿತ್ತಿಲ್ಲ.

ಚಿಕ್ಕವನಿದ್ದಾಗ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, “ಅಕ್ಕಾ, ಗಡಿಯಾರ ಕುಣೀತಿದೆ” ಎನ್ನುತ್ತಿದ್ದೆನಂತೆ. ನೀನು ಅದಕ್ಕೇ ಮಿಟುಕ ಎಂದು ಹೆಸರಿಟ್ಟೆ. ಈಗ ಅದಕ್ಕೇ ಸಂಬಳ ಕೊಡುತ್ತಾರೆ.

ಸೇತುವೆಯಲ್ಲಿ ಏನಿದೆ, ಹೇಳು.

ಮಿಟುಕ


ಏಪ್ರಿಲ್ 11

ಮಿಟುಕ,

ಹೊಳೆಯ ನೀರು ಇಳಿಯುವ ತನಕ ಕಾದೆ. ನೆನಪನ್ನೊಂದೇ ನೆಚ್ಚಿ ಬರೆದರೆ ಮುದುಕಿಯ ಹರಟೆ ಎಂದಾರು.

ನೀನು ದಾಟಿದ ಸೇತುವೆ ಹಳೆಯ ಸೇತುವೆಯಲ್ಲ. ನಿನಗೆ ಎರಡು ವರ್ಷವಿದ್ದಾಗ ಬಂದ ನೆರೆಯಲ್ಲಿ ಅದು ಕೊಚ್ಚಿಹೋಯಿತು. ಮರುವರ್ಷ ಹೊಳೆಯ ಕೆಳಗಣ ಕಡೆಗೆ ಸರಿದು ಹೊಸದನ್ನು ಕಟ್ಟಿದರು. ಬಿದ್ದ ಕಲ್ಲನ್ನೇ ಎತ್ತಿ ಕಟ್ಟಿದ್ದರಿಂದ ಹಳೆಯದರ ಹಾಗೆಯೇ ಕಾಣುತ್ತದೆ. ನಿನ್ನ ಹಳೆಯ ಚಿತ್ರ ನೆರೆಗೆ ಮುಂಚಿನದು. ನೀನು ಹಳೆಯ ಸೇತುವೆಯನ್ನು ಎಳೆದು ತಂದು ಹೊಸದರ ಮೇಲೆ ಕೂರಿಸಿದ್ದೀಯೆ. ಜೊತೆಗೆ ಹೊಳೆಯೂ ದಡವೂ ಅಷ್ಟೇ ದೂರ ಬಂದಿವೆ. ಸೇತುವೆ ದಾಟಿದ ಮೇಲೆ ಹೊಳೆ ತಿರುಗುತ್ತದಲ್ಲ? ಸೇತುವೆಯ ಹತ್ತಿರ ‘ಕೆಳಗಣ ಕಡೆ’ ಆದದ್ದು ತಿರುವಿನಲ್ಲಿರುವ ನಮಗೆ ‘ಮನೆಯ ಕಡೆ’.

ಹಳೆಯ ಕಂಬದ ಬುಡ ಈಗ ನೀರಿನ ಮೇಲೆ ಕಾಣುತ್ತಿದೆ. ಬಡಗಿ ಟೇಪು ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ, ರೇಡಿಯೋ ದಡದಲ್ಲಿ ನಿಂತು ಅಪ್ಪಣೆ ಕೊಟ್ಟ. ಅಲ್ಲಿಂದ ಹೊಸ ಸೇತುವೆಗೆ ಹನ್ನೊಂದು ಮೀಟರ್, ಒಂದು ಗೇಣು. ಆ ವರ್ಷದ ಪತ್ರಿಕೆಯ ತುಣುಕನ್ನೂ ಇದರ ಜೊತೆ ಇಟ್ಟಿದ್ದೇನೆ. ಜೋಪಾನ, ಮುಟ್ಟಿದರೆ ಉದುರುತ್ತದೆ.

ಆ ಕಂಬದ ಬುಡ ನಿನಗೆ ಗೊತ್ತು. ನೀನು ಈಜು ಕಲಿತದ್ದು ಅದರ ಮೇಲಿಂದ ಹಾರಿ. “ಆ ಕಲ್ಲು ಬೇಡ, ಈಚೆ ಬಾ” ಎಂದು ಅಮ್ಮ ದಡದಿಂದ ಕೂಗುತ್ತಿದ್ದದ್ದು ನೆನಪಿದೆಯೇ? ಪಾಚಿ ಜಾರುತ್ತದೆಂದು ನೀನು ತಿಳಿದಿದ್ದೆ.

ಅಪ್ಪ ನೆರೆಯಲ್ಲಿ ಹೋದರು ಎಂದಷ್ಟೇ ನಿನಗೆ ಹೇಳಿದ್ದೆವು. ಎಲ್ಲಿ ಎಂದು ಹೇಳಲಿಲ್ಲ: ಹಳೆಯ ಸೇತುವೆಯ ಜೊತೆಗೇ. ಬೀದಿಯವರಿಗೆಲ್ಲ ಅಮ್ಮ ಕೈಮುಗಿದು ಕೇಳಿಕೊಂಡಿದ್ದಳು: “ಮಗು ದಿನಾ ಆ ಸೇತುವೆ ಮೇಲೇ ಶಾಲೆಗೆ ಹೋಗಬೇಕು. ಹಳೇದರ ಮಾತು ಯಾರೂ ಎತ್ತಬೇಡಿ.” ಯಾರೂ ಎತ್ತಲಿಲ್ಲ. ರೇಡಿಯೋ ಕೂಡ. ಅವನು ಬದುಕಿನಲ್ಲಿ ಕಾಪಾಡಿದ ಗುಟ್ಟು ಅದೊಂದೇ ಇರಬೇಕು.

ನಿನ್ನ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಆದರೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಅದು ನಿನ್ನ ಪಾಲು.

ಅಕ್ಕ


ಮೇ 6

ಅಕ್ಕ,

ನಿನ್ನ ಕಾಗದ ಓದಿ ಒಂದು ವಾರ ಹಳೆಯ ಚಿತ್ರವನ್ನು ತೆರೆಯಲಿಲ್ಲ. ತೆರೆದಾಗ ಮೊದಲು ಸೇತುವೆಯನ್ನೇ ದೊಡ್ಡದು ಮಾಡಿ ನೋಡಿದೆ. ಬೂದು ಬಣ್ಣದ ಒಂದು ಗೀಟು. ಅಪ್ಪ ಆಗ ಇನ್ನೂ ಇದ್ದರು. ಚಿತ್ರ ತೆಗೆದ ದಿನವೂ ಅದರ ಮೇಲೆ ನಡೆದಿರಬಹುದು.

ಇನ್ನೊಂದು ವಿಷಯ ಹೇಳಬೇಕು. ಗಿರಣಿಯ ಹೊಗೆಗೊಳವೆಯನ್ನೂ ನಾನು ನೆಲೆಬಿಂದುವಾಗಿ ಇಟ್ಟಿದ್ದೆ. ಸೇತುವೆಗೂ ಅದಕ್ಕೂ ಹನ್ನೊಂದು ಮೀಟರ್ ತಾಳೆಯಾಗಲಿಲ್ಲ. ಎತ್ತರದ ವಸ್ತು ಚಿತ್ರದಲ್ಲಿ ವಾಲಿಕೊಂಡು ಕಾಣುವುದುಂಟು. ವಾಲಿರಬೇಕು ಎಂದು ಕೊಳವೆಯನ್ನು ತೆಗೆದುಹಾಕಿದೆ. ನಿಜ ಹೇಳುತ್ತಿದ್ದ ಸಾಕ್ಷಿಯನ್ನೇ ಹೊರಗೆ ಕಳಿಸಿದೆ, ಸೇತುವೆ ನನ್ನದು ಎಂಬ ಒಂದೇ ಕಾರಣಕ್ಕೆ.

ತಾಳೆಯಾಗದಿದ್ದಾಗ ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ ನಿಯಮ. ಹೊರಟಿದ್ದೆ, ಅಕ್ಕ. ಬಸ್ ನಿಲ್ದಾಣದ ತನಕ ಹೋದೆ. ಸೇತುವೆ ನೋಡಿದ ಮೇಲೆ ನಿನ್ನ ಬಾಗಿಲಿನ ಮುಂದೆಯೇ ಹಾದು ಬರಬೇಕಲ್ಲ ಎನಿಸಿತು. ವಾಪಸ್ಸು ಬಂದು ‘ಸ್ಥಳ ಪರಿಶೀಲನೆ ಅನಗತ್ಯ’ ಎಂದು ಬರೆದೆ.

ಈಗ ಸೇತುವೆಯನ್ನು ಬಿಟ್ಟು, ಕೊಳವೆಯ ಬುಡವನ್ನು ಹಿಡಿದು ಮತ್ತೆ ಕೂರಿಸಿದೆ. ದಡ ತನ್ನ ಜಾಗಕ್ಕೆ ಹೋಯಿತು. ಮನೆಗಳು ಹದಿನೇಳು ಮೀಟರಿನಲ್ಲಿವೆ, ನೀನು ಹೇಳಿದಷ್ಟೇ. ಗೋದಾಮು ಹದಿನೈದರ ಗೆರೆ ದಾಟಿ ನಾಲ್ಕು ಮೀಟರ್ ಒಳಗೆ ಬಂದಿದೆ. ನಮ್ಮ ಮೇಲಧಿಕಾರಿಗೆ ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ, “ತಪ್ಪು ಒಪ್ಕೊಳ್ಳೋದು ಒಳ್ಳೇದಪ್ಪಾ, ಆದ್ರೆ ಅದಕ್ಕೂ ಸಮಯ ಸಂದರ್ಭ ಅಂತ ಇರುತ್ತೆ” ಎಂದರು. ಗೋದಾಮಿನ ಕಡೆ ಬೆರಳು ಮಾತ್ರ ತೋರಿಸಲಿಲ್ಲ.

ಹದಿಮೂರು ಮನೆಗಳಿಗೆ ಏನೂ ತೊಂದರೆಯಿಲ್ಲ. ಏಳನೆಯ ಮನೆಯ ಹಿಂದೆ ಒಂದು ಕೋಣೆ ಹೊಳೆಯ ಕಡೆಗೆ ಚಾಚಿದೆ. ಅದು ಗೆರೆಯಿಂದ ಒಂದು ಮೀಟರ್ ಆಚೆಗಿದೆ.

ನಿನಗೆ ಗೊತ್ತಿತ್ತು ಅಲ್ಲವೇ? ಟೇಪು ಹಿಡಿದ ದಿನವೇ ಗೊತ್ತಿತ್ತು.

ಅದು ನನ್ನ ಕೋಣೆ. ವರದಿಗೆ ಇನ್ನೂ ಸಹಿ ಹಾಕಿಲ್ಲ. ಒಂದು ಮೀಟರ್ ಎಂದರೆ ಚಿತ್ರದಲ್ಲಿ ಎರಡೇ ಚುಕ್ಕಿ. ಎರಡು ಚುಕ್ಕಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಿಟುಕ


ಮೇ 14

ಮಿಟುಕ,

ನನ್ನ ಕಣ್ಣಿಗೆ ಬೀಳುತ್ತದೆ.

ಟೇಪು ಹಿಡಿದ ದಿನ ಏಕೆ, ಆ ಕೋಣೆ ಕಟ್ಟಿಸಿದ ದಿನವೇ ಗೊತ್ತಿತ್ತು. “ಹೊಳೆ ಕಡೆ ಚಾಚಬೇಡಮ್ಮಾ, ಹೊಳೆಗೂ ನೆನಪಿರುತ್ತೆ” ಎಂದು ರೇಡಿಯೋ ಆಗಲೇ ಹೇಳಿದ್ದ. ನೀನು ಹತ್ತನೆಯ ತರಗತಿ. ಅಮ್ಮನ ಕೆಮ್ಮು, ನನ್ನ ಕರಡಿನ ಗಟ್ಟಿ ಓದು, ಎರಡರ ನಡುವೆ ನಿನಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ನೀನು ಓದಲೆಂದು ಕಟ್ಟಿಸಿದೆ. ಓದಿದೆ. ಅದೇ ಲೆಕ್ಕ ಈಗ ನೋಟೀಸಾಗಿ ಬಾಗಿಲಿಗೆ ಬಂದಿದೆ. ಯಾರ ಮೇಲೆ ಸಿಟ್ಟಾಗಲಿ?

ಗೋದಾಮಿನವರು ನಾಲ್ಕು ಮೀಟರ್ ನುಂಗಿದ್ದಾರೆಂದು ಬೀದಿಯಲ್ಲಿ ನಿಂತು ಕೂಗಬೇಕಾದರೆ ನನ್ನ ಹಿತ್ತಲಿನ ಒಂದು ಮೀಟರನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಾಗುವುದಿಲ್ಲ. ಎರಡು ಚುಕ್ಕಿ ಬಿಟ್ಟರೆ ನಾಳೆ ಅವರ ವಕೀಲ ಆ ಎರಡು ಚುಕ್ಕಿಯಲ್ಲೇ ಬೆರಳಿಟ್ಟು ಇಡೀ ವರದಿಯನ್ನು ಹರಿಯುತ್ತಾನೆ. ಹೊಲಿಗೆಯಮ್ಮನ ಮನೆ ಮತ್ತೆ ಹೊಳೆಗೆ ಬೀಳುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಬರೆ. ಚೌಕಳಿಗೆ ನೆಂಟರಿಷ್ಟರಿಲ್ಲ ಎಂದವನು ನೀನೇ.

ಒಂದು ಪ್ರಶ್ನೆ. ಅಷ್ಟು ಮೇಲಿನಿಂದ ನಿನ್ನ ಉಪಗ್ರಹಕ್ಕೆ ಎಷ್ಟು ಚಿಕ್ಕ ವಸ್ತು ಕಾಣುತ್ತದೆ? ಸುಮ್ಮನೆ ಕೇಳಿದೆ.

ಅಕ್ಕ


ಜುಲೈ 30

ಅಕ್ಕ,

ತಿದ್ದಿದ ವರದಿ ಕೊನೆಗೂ ಹೋಯಿತು. ಮೇ ಕೊನೆಯಲ್ಲಿ ತೆರವು ನಿಲ್ಲಿಸಿದ ಆದೇಶ ನಿಮಗೆ ತಲುಪಿರಬೇಕು. ಗೋದಾಮಿಗೂ ನೋಟೀಸು ಹೋಗಿದೆ. ಅವರು ಎಷ್ಟು ವರ್ಷ ಎಳೆಯುತ್ತಾರೋ ನೋಡಬೇಕು. ಮೊದಲ ವರದಿಯ ತಪ್ಪು ನನ್ನದೆಂದೂ ಸ್ಥಳಕ್ಕೆ ಹೋಗದೆ ಅನಗತ್ಯ ಎಂದು ಬರೆದೆನೆಂದೂ ಸಹಿ ಮಾಡಿ ಕೊಟ್ಟೆ. ನನ್ನನ್ನು ದಾಖಲೆ ಕೋಣೆಗೆ ಹಾಕಿದ್ದಾರೆ. ಹಳೆಯ ಫಿಲ್ಮಿನ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಇಲ್ಲಿಯ ಕಿಟಕಿಗೆ ಕಪ್ಪು ಕಾಗದವಿಲ್ಲ. ಮಳೆ ಬಂದರೆ ಕಾಣುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ಅರ್ಧ ಮೀಟರಿಗೆ ಒಂದು ಚುಕ್ಕಿ. ಹಾಸಿಗೆ ಕಾಣುತ್ತದೆ, ದಿಂಬು ಕಾಣುವುದಿಲ್ಲ. ಕೋಣೆ ತೆರವಾದದ್ದನ್ನು ಖಚಿತಪಡಿಸಲು ಅಕ್ಟೋಬರ್ ಒಂಬತ್ತಕ್ಕೆ ಹೊಸ ಚಿತ್ರ ತೆಗೆಯುತ್ತಾರೆ. ಬೆಳಿಗ್ಗೆ ಹತ್ತು ನಲವತ್ತಕ್ಕೆ ನಿಮ್ಮ ನೆತ್ತಿಯ ಮೇಲಿರುತ್ತದೆ.

ಆರು ವರ್ಷದಿಂದ ಬರೆಯದ ಮಾತೊಂದಿದೆ. ಅಮ್ಮನಿಗೆ ಕಾಯಿಲೆ ಹೆಚ್ಚಾಗಿದೆ ಎಂದು ನೀನು ಬರೆದ ಕಾಗದ ಸಮಯಕ್ಕೆ ಸರಿಯಾಗಿಯೇ ಬಂದಿತ್ತು. ತಡವಾಗಿ ತಲುಪಿತೆಂದು ನಾನು ಹೇಳಿದ್ದು ಸುಳ್ಳು. ನಾಲ್ಕು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ತೆರೆಯಲಿಲ್ಲ. ತೆರೆದು ಓದದಿದ್ದರೆ ಅಮ್ಮ ಹಾಗೇ ಇರುತ್ತಾಳೆ ಎನಿಸಿತ್ತು. ಬಂದಾಗ ನೀನು ಬೀದಿಯವರೆಲ್ಲರ ಎದುರು, “ಅಮ್ಮ ಇಲ್ಲ. ಇನ್ನು ನಿನಗಿಲ್ಲಿ ಏನು ಕೆಲಸ?” ಎಂದು ಬಾಗಿಲು ಹಾಕಿಕೊಂಡೆ. ನೀನು ಹೇಳಿದ್ದು ಸರಿಯಾಗಿತ್ತು. ಸೇತುವೆಯ ಮೇಲೆ ಒಂದು ಗಂಟೆ ನಿಂತಿದ್ದು ಹೋದೆ.

ಮಿಟುಕ


ಸೆಪ್ಟೆಂಬರ್ 21

ಮಿಟುಕ,

ಕೋಣೆ ಇಳಿಸಿದೆವು. ಸರ್ಕಾರದವರು ಬರುವ ತನಕ ಕಾಯಲಿಲ್ಲ. ಬಡಗಿ ಕಿಟಕಿಯ ಚೌಕಟ್ಟನ್ನು ಮುರಿಯದೆ ಬಿಚ್ಚಿಕೊಟ್ಟ. ಹೊಲಿಗೆಯಮ್ಮ ಇಟ್ಟಿಗೆ ಹೊತ್ತಳು. ಬೇಡವೆಂದರೆ, “ಸುಮ್ನಿರಕ್ಕಾ, ನನ್ನ ಮನೆ ಉಳಿಸಿದ ಇಟ್ಟಿಗೆ ಇದು” ಎಂದಳು. ರೇಡಿಯೋ ಈ ಸಲ ಅಪ್ಪಣೆ ಕೊಡಲಿಲ್ಲ. ಟೋಪಿ ತೆಗೆದು ನಿಂತಿದ್ದ.

ಒಳಗೋಡೆಯ ಮೇಲೆ ನೀನು ಪೆನ್ಸಿಲಿನಲ್ಲಿ ಬಿಡಿಸಿದ ಲೆಕ್ಕಗಳು ಇನ್ನೂ ಇದ್ದವು. ಎರಡು ಸಲ ಸುಣ್ಣ ಬಳಿಯಬೇಕಾಗಿ ಬಂದಾಗಲೂ ಆ ಗೋಡೆಯನ್ನು ಬಿಟ್ಟಿದ್ದೆ. ಒಂದು ಲೆಕ್ಕ ತಪ್ಪಿದೆ. ತಿದ್ದಲಿಲ್ಲ. ಮೂವತ್ತು ವರ್ಷ ತಿದ್ದದೆ ಬಿಟ್ಟ ತಪ್ಪು ನನ್ನ ಬದುಕಿನಲ್ಲಿ ಅದೊಂದೇ ಎಂದುಕೊಂಡಿದ್ದೆ. ಇನ್ನೂ ಒಂದು ಇತ್ತು, ಆರು ವರ್ಷದ್ದು.

ಹಿತ್ತಲು ಈಗ ಬಯಲಾಗಿದೆ. ಅಡುಗೆ ಮನೆಯಲ್ಲಿ ನಿಂತರೆ ಹೊಳೆ ಸೀದಾ ಕಾಣುತ್ತದೆ. ಇಷ್ಟು ದೊಡ್ಡ ಸದ್ದು ಮಾಡುತ್ತಿತ್ತೆಂದು ಇಷ್ಟು ದಿನ ಗೊತ್ತಿರಲಿಲ್ಲ.

ಮುಂಬಾಗಿಲು ಈ ಮಳೆಗೆ ಉಬ್ಬಿಕೊಂಡಿದೆ. ಮುಚ್ಚಿದ್ದಂತೆ ಕಾಣುತ್ತದೆ. ಮುಚ್ಚಿರುವುದಿಲ್ಲ. ಸ್ವಲ್ಪ ಜೋರಾಗಿ ತಳ್ಳಬೇಕು, ಅಷ್ಟೇ.

ಅಕ್ಕ


ಅಕ್ಟೋಬರ್ 16

ಅಕ್ಕ,

ಒಂಬತ್ತರ ಚಿತ್ರ ನಿನ್ನೆ ಬಂತು. ಈಗ ನನ್ನ ಮೇಜಿನಲ್ಲಿ ಕೂರುವ ಹುಡುಗಿಯನ್ನು, “ಐದು ನಿಮಿಷ ಕೊಡ್ತೀಯಾ ತಾಯಿ?” ಎಂದು ಕೇಳಿದೆ. “ಕೂತ್ಕೊಳ್ಳಿ ಸಾರ್, ಮೇಜು ನಿಮ್ಮದೇ ಅಲ್ವಾ” ಎಂದು ಎದ್ದು ನಿಂತಳು.

ಹಳೆಯದು, ಹೊಸದು, ಹಳೆಯದು, ಹೊಸದು. ಈ ಸಲ ಹಳೆಯದೆಂದರೆ ಈ ವರ್ಷದ ಮೊದಲ ಚಿತ್ರ. ಕೊಳವೆಯ ಬುಡ ಅಲುಗಲಿಲ್ಲ. ಹದಿನಾಲ್ಕು ಮನೆಗಳ ಹಿಂಗೋಡೆ ಅಲುಗಲಿಲ್ಲ. ನನ್ನ ಕೋಣೆ ಮಾತ್ರ ಇದೆ, ಇಲ್ಲ, ಇದೆ, ಇಲ್ಲ ಎಂದು ಮಿಟುಕಿತು.

ಕೋಣೆಯಿದ್ದ ಜಾಗದಲ್ಲಿ ಒಂದು ಬಿಳಿಯ ಚೌಕ. ಉದ್ದಕ್ಕೆ ಐದು ಚುಕ್ಕಿ, ಅಗಲಕ್ಕೆ ಮೂರು. ಹಾಸಿಗೆಯಷ್ಟೇ. ಹುಡುಗಿ ಬಗ್ಗಿ ನೋಡಿ, “ಯಾರೋ ದುಪ್ಪಟಿ ಒಣಹಾಕಿದಾರೆ ಸಾರ್” ಎಂದಳು. ನೆಲದ ಮೇಲೆ ಹಾಸಿ ಯಾರೂ ದುಪ್ಪಟಿ ಒಣಗಿಸುವುದಿಲ್ಲ. ಮೇಲಿನಿಂದ ಕಾಣಲೆಂದು ನೆಲದಲ್ಲಿ ಬಿಳಿ ಬಟ್ಟೆ ಹಾಸುವುದು ನಮ್ಮ ಕಸುಬಿನವರ ಪದ್ಧತಿ. ಅದನ್ನು ನಿನಗೆ ಯಾರು ಹೇಳಿದರು?

ಚೌಕದ ಪಕ್ಕದಲ್ಲಿ ಸಣ್ಣದೊಂದು ನೆರಳಿದೆ. ಮೂರು ಚುಕ್ಕಿ. ಹತ್ತು ನಲವತ್ತರ ಬಿಸಿಲಿಗೆ ನಿಂತ ಮನುಷ್ಯರ ನೆರಳು ಅಷ್ಟೇ ಇರುತ್ತದೆ. ಬಟ್ಟೆ ಹಗ್ಗದ ಗಿಡ್ಡ ಕಂಬದ್ದೂ ಅಷ್ಟೇ ಇರುತ್ತದೆ. ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ನೀನೋ ಕಂಬವೋ ಎಂದು ಈ ಚಿತ್ರದಲ್ಲಿ ತಿಳಿಯುವುದಿಲ್ಲ.

ನಮ್ಮ ನಿಯಮದ ಪ್ರಕಾರ ಸಂಶಯವಿದ್ದಲ್ಲಿ ನೆಲಕ್ಕೆ ಹೋಗಿ ನೋಡಬೇಕು. ಈ ಸಲ ‘ಅನಗತ್ಯ’ ಎಂದು ಬರೆಯುವುದಿಲ್ಲ. ಶನಿವಾರದ ಮೊದಲ ಬಸ್ಸು. ಸೇತುವೆಯ ಹತ್ತಿರ ಇಳಿದು, ಹಳೆಯ ಕಂಬದ ಬುಡವನ್ನು ಒಂದು ಗಳಿಗೆ ನೋಡಿಕೊಂಡು ಬರುತ್ತೇನೆ.

ಬಾಗಿಲನ್ನು ನಾನೇ ತಳ್ಳುತ್ತೇನೆ. ನೀನು ಏಳಬೇಡ.

ಮಿಟುಕ